ಏಳು ಗಂಟೆಯವರು ಏಳೂವರೆಯವರ ಮನೆಗೆ ಬಂದಾಗ

ಏಳು ಗಂಟೆಯ ಧಾರಾವಾಹಿಯವರು ಏಳೂವರೆಯ ಧಾರಾವಾಹಿಯವರ ಮನೆಗೆ ಬಂದರೆ ನನಗೆ ಮೊದಲು ಬರುವುದು ಅನುಮಾನ. ಚಾನೆಲ್ಲಿನವರು ಅದಕ್ಕೆ ಮಹಾಸಂಗಮ ಅಂತ ದೊಡ್ಡ ಹೆಸರಿಟ್ಟು ವಾರ ಮೊದಲೇ ಡಂಗುರ ಹೊಡೆಯುತ್ತಾರೆ. ಒಂದು ಕಥೆಯ ಸೊಸೆ ಇನ್ನೊಂದು ಕಥೆಯ ಗೃಹಪ್ರವೇಶಕ್ಕೆ ಬರುತ್ತಾಳೆ, ಎರಡು ಕಡೆಯವರೂ ಒಟ್ಟಿಗೆ ಕೂತು ಪಾಯಸ ಕುಡಿಯುತ್ತಾರೆ. ನೋಡುವವರಿಗೆ ಹಬ್ಬ. ನನಗೆ ಮಾತ್ರ, ಯಾರದ್ದೋ ಕಥೆ ಸೊರಗಿದೆ, ಅದನ್ನು ಎತ್ತಿ ನಿಲ್ಲಿಸಲು ಇವಳನ್ನು ಕಳಿಸಿದ್ದಾರೆ ಅನ್ನಿಸುತ್ತದೆ. ಸುಮ್ಮಸುಮ್ಮನೆ ಯಾರೂ ಯಾರ ಮನೆಗೂ ಬರುವುದಿಲ್ಲ.

ಈ ಗುಣ ನನಗೆ ಸೋದರತ್ತೆಯಿಂದ ಬಂದದ್ದು. ಅವರು ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಕಿರಂಗೂರಿನ ನಮ್ಮ ಮನೆಗೇ ಬಂದರು. ಅಮ್ಮ ಹೋದ ಮೇಲೆ ಮನೆ ಅವರ ಕೈಯಲ್ಲೇ ಇದೆ. ಹೊಸಬರು ಯಾರೇ ಜಗಲಿ ಹತ್ತಲಿ, ಯಾವೂರು, ಯಾರ ಮಗ, ತಾಯಿಯ ತವರು ಎಲ್ಲಿ ಅಂತ ಕೇಳಿ, ಕಾಫಿ ಆರುವುದರೊಳಗೆ ವರಸೆ ಹಿಡಿದುಬಿಡುತ್ತಾರೆ. ವರಸೆ ಅಂದರೆ ಯಾರು ಯಾರಿಗೆ ಏನಾಗಬೇಕು ಅನ್ನುವ ಲೆಕ್ಕ. ಸೋದರತ್ತೆ, ಸೋದರಮಾವನ ಮಕ್ಕಳು ಮದುವೆಗೆ ಆಗುತ್ತಾರೆ. ದೊಡ್ಡಮ್ಮ, ಚಿಕ್ಕಮ್ಮನ ಮಕ್ಕಳು ಅಣ್ಣತಂಗಿಯರು. ಅಲ್ಲಿ ಮದುವೆಯ ಮಾತೆತ್ತಿದರೆ ಕಾಲಲ್ಲಿರುವುದು ಕೈಗೆ ಬರುತ್ತದೆ.

ಧಾರಾವಾಹಿಯವರಿಗೂ ಅತ್ತೆ ಇದರಿಂದ ವಿನಾಯಿತಿ ಕೊಟ್ಟಿರಲಿಲ್ಲ. ಒಂದು ಮಹಾಸಂಗಮದಲ್ಲಿ ಏಳು ಗಂಟೆಯ ಹುಡುಗಿ ಬಂದವಳೇ ಏಳೂವರೆಯ ಯಜಮಾನಿಯನ್ನು "ದೊಡ್ಡಮ್ಮ" ಎಂದು ತಬ್ಬಿಕೊಂಡಳು. ಹಿಂದಿನ ತಿಂಗಳ ಮಹಾಸಂಗಮದಲ್ಲಷ್ಟೇ ಆ ಯಜಮಾನಿಯ ಮಗ ಇದೇ ಹುಡುಗಿಯನ್ನು ಕಂಡು ಮನಸೋತು ಹೋಗಿದ್ದ. ಬಿಡಿಸುತ್ತಿದ್ದ ಅವರೆಕಾಯಿ ಅತ್ತೆಯ ಕೈಯಲ್ಲೇ ನಿಂತಿತು.

"ಅಯ್ಯೋ ಇವರ ಮನೆ ಹಾಳಾಗ! ಅಣ್ಣತಂಗಿ ಆಯ್ತದಲ್ಲವ್ವ ಅದು. ಬರೆಯೋನಿಗೆ ವರಸೆ ಗೊತ್ತಿಲ್ವಾ?"

"ಅದು ಕಥೆ ಅಲ್ವಾ ಅತ್ತೆ."

"ಕತೆ ಆದ್ರೆ? ಆ ಮನೆಯೋರು ಮೊನ್ನೆ ಸೋಫಾ ಮ್ಯಾಲೆ ಕುಂತ್ಕಂಡು ಇವಳ ಸೀರಿಯಲ್ಲೇ ನೋಡ್ತಿದ್ರು. ಟೀವಿಲಿ ನೋಡ್ತಿದ್ದೋಳು ಇವತ್ತು ಬಾಗಿಲಿಗೆ ಬಂದ್ರೆ ಒಬ್ಬರೂ ಗಾಬ್ರಿ ಆಗ್ನಿಲ್ಲ. ನಂಗೇನೋ ಅನುಮಾನ ಕಣವ್ವ."

ಅದನ್ನು ನಾನು ಗಮನಿಸಿರಲಿಲ್ಲ. ಆ ಚಾನೆಲ್ಲಿನ ಎಲ್ಲ ಕಥೆಗಳಿಗೂ ಒಬ್ಬನೇ ವಕೀಲ, ಒಂದೇ ಪೊಲೀಸ್ ಠಾಣೆ, ಮೂರ್ಛೆ ಹೋದವರಿಗೆಲ್ಲ ಒಂದೇ ನರ್ಸಿಂಗ್ ಹೋಮು ಅನ್ನುವುದನ್ನು ತೋರಿಸಿಕೊಟ್ಟವರೂ ಅತ್ತೆಯೇ. ಕೆಲವು ವಾರ ಕಳೆದ ಮೇಲೆ ಅದೇ ಹುಡುಗಿ ಅದೇ ಯಜಮಾನಿಯನ್ನು ಸದ್ದಿಲ್ಲದೆ "ಅತ್ತೆ" ಅನ್ನತೊಡಗಿದಳು. "ಯಾರೋ ನಮ್ಮಂತೋರು ಬೈದವ್ರೆ, ತಿದ್ದಿಕೊಂಡವ್ರೆ ಕಳ್ಳರು" ಎಂದು ಅತ್ತೆ ಗೆದ್ದವರಂತೆ ನಕ್ಕರು. ಬೇರೆ ಕಥೆಯವರು ಕಂಡರೆ ಎರಡು ಪ್ರಶ್ನೆ ಕೇಳಬೇಕು ಎಂಬುದು ಅವರ ಪಾಠ: ಯಾರು ಕರೆದರು, ಯಾವ ವರಸೆಯಲ್ಲಿ ಬಂದರು.

ಹೋದ ವರ್ಷ ನನಗೆ ನಾಗಮಂಗಲದಿಂದ ಒಂದು ಸಂಬಂಧ ಬಂತು. ಹುಡುಗನಿಗೆ ಪಶು ಆಸ್ಪತ್ರೆಯಲ್ಲಿ ಕೆಲಸ. ನಾನು ಪಾಂಡವಪುರದ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಮೂವತ್ತು ದಾಟಿತ್ತು, ಬಂದುಹೋದ ಗಂಡುಗಳನ್ನು ನೆನಪಿಡುವುದನ್ನು ಬಿಟ್ಟಿದ್ದೆ. ಹೆಣ್ಣು ನೋಡುವ ಶಾಸ್ತ್ರ ಮುಗಿದ ಮೇಲೆ ಶ್ರೀರಂಗಪಟ್ಟಣದ ಹೊಳೆ ದಂಡೆಯಲ್ಲಿ ಅವರೊಂದಿಗೆ ಒಂದು ಸಂಜೆ ಮಾತಾಡಿದೆ. ಪೊಲೀಸರೂ ಕೇಳದಂಥ ಪ್ರಶ್ನೆಗಳನ್ನು ಕೇಳಿದೆ. ಒಂದಕ್ಕೂ ಮುಖ ಗಂಟಿಕ್ಕದೆ ಉತ್ತರ ಹೇಳಿದರು. ನನ್ನಲ್ಲಿ ಅನುಮಾನವೇ ಹುಟ್ಟಿಸದ ಮೊದಲ ಗಂಡಸು ಅವರು. ನನಗೆ ಅವರು ಬಹಳ ಇಷ್ಟವಾದರು, ಈ ಸಂಬಂಧ ಕೈತಪ್ಪಬಾರದು ಎಂದು ದೇವರಿಗೆ ಹರಕೆಯನ್ನೂ ಹೊತ್ತೆ.

ಅವರ ಅಕ್ಕನ ಮದುವೆ ಕೆ.ಆರ್. ಪೇಟೆಯ ಛತ್ರದಲ್ಲಿ ಕೆಲವು ವರ್ಷಗಳ ಹಿಂದೆ ನಡೆದಿತ್ತು. ನಂಟರಿಷ್ಟರ ಪರಿಚಯವಾಗಲಿ ಎಂದು ಆ ವಿಡಿಯೋದ ಲಿಂಕನ್ನು ಅವರೇ ನನ್ನ ಫೋನಿಗೆ ಕಳಿಸಿದರು. ಭಾನುವಾರ ಮಧ್ಯಾಹ್ನ ಅದನ್ನು ಟೀವಿಗೆ ಹಾಕಿದೆ. ಅತ್ತೆ ಕನ್ನಡಕ ಒರೆಸಿಕೊಂಡು ಕೂತರು.

ಧಾರೆಯ ಹೊತ್ತು. ಗಂಡುಹೆಣ್ಣಿನ ಕೈಮೇಲೆ ಹೆತ್ತವರು ಹಾಲೆರೆದರು. ಮುಂದೆ ಬರುವ ಸರದಿ ಹೆತ್ತವರ ಒಡಹುಟ್ಟಿದವರದು, ಆಮೇಲೆ ಮಿಕ್ಕ ನಂಟರದು. ನನ್ನನ್ನು ನೋಡಿಹೋದ ಹುಡುಗನ ತಾಯಿ ಗುಂಪಿನಿಂದ ಒಬ್ಬ ಹೆಂಗಸನ್ನು ಕೈಹಿಡಿದು ಎಳೆದುಕೊಂಡು ಬಂದು, ಹಾಲಿನ ಚೊಂಬನ್ನು ಅವಳ ಕೈಗಿಟ್ಟರು. ಆ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಗುತ್ತಾ ಧಾರೆ ಎರೆದಳು.

ಅದು ನಮ್ಮಮ್ಮ.

ಅಮ್ಮ ಹೋಗಿ ಐದು ವರ್ಷವಾಗಿತ್ತು. ಅವಳು ನಡೆದಾಡುವುದನ್ನು ಮತ್ತೆ ನೋಡುತ್ತೇನೆಂದುಕೊಂಡಿರಲಿಲ್ಲ. ನನಗೆ ಅಳು ಬಂತು. ಅತ್ತೆಗೆ ಅಳು ಬರಲಿಲ್ಲ.

"ಅದು ತಂಗಿ ನಿಂತ್ಕಳೋ ಜಾಗ ಕಣವ್ವ," ಎಂದರು. "ನಿಮ್ಮವ್ವ ಆ ಹುಡುಗನ ಅವ್ವಂಗೆ ತಂಗಿ ಆಗೋದಾದ್ರೆ ಅವನು ನಿಂಗೆ ಅಣ್ಣ ಆಯ್ತಾನೆ. ಈ ಮದುವೆ ಆಗಾಕಿಲ್ಲ."

ಅಪ್ಪ ಡೇರಿಗೆ ಹಾಲು ಹಾಕಿ ಬಂದ ಮೇಲೆ ವಿಚಾರಿಸಿದೆವು. ಅಮ್ಮನ ತವರು ತೊಣ್ಣೂರು. ಅಲ್ಲಿ ಅವಳೊಬ್ಬಳೇ ಹೆಣ್ಣುಮಗಳು. ಸ್ವಂತ ಅಕ್ಕ ಇರಲಿಲ್ಲ. "ಜೊತೇಲಿ ಓದ್ದೋಳ ಮಗಳ ಮದುವೆ ಅಂತ ಒಂದ್ಸಲ ಪ್ಯಾಟೆಗೆ ಹೋಗಿದ್ಲು. ಯಾರು ಎತ್ತ ಅಂತ ನಾ ಕೇಳ್ನಿಲ್ಲ" ಎಂದರು ಅಪ್ಪ. ಅಪ್ಪನಿಗೆ ಅನುಮಾನವೇ ಬರುವುದಿಲ್ಲ, ಅದೊಂದು ದೊಡ್ಡ ರೋಗ.

ಅಷ್ಟು ಹೊತ್ತಿಗೆ ನನಗೆ ಇನ್ನೊಂದು ವಿಷಯ ಹೊಳೆದು ಮೈ ಉರಿಯಿತು. ಹೆಣ್ಣು ನೋಡಲು ಬಂದ ದಿನ ಹುಡುಗನ ತಾಯಿ ನಡುಮನೆಯ ಗೋಡೆಯ ಮೇಲಿನ ಅಮ್ಮನ ಪಟವನ್ನು ನೋಡಿ "ಇವ್ರು?" ಎಂದು ಕೇಳಿದ್ದರು. ನಮ್ಮಮ್ಮ, ತೀರಿಕೊಂಡು ಐದು ವರ್ಷ ಆಯ್ತು ಅಂದಿದ್ದೆ. "ಔದಾ" ಎಂದು, ಕೊಟ್ಟ ಕಾಫಿಯನ್ನೂ ಮುಟ್ಟದೆ ಕೂತಿದ್ದರು. ಕೈಹಿಡಿದು ಎಳೆದು ಧಾರೆ ಎರೆಸಿದವಳನ್ನು ಯಾರು ಅಂತ ಕೇಳುವುದುಂಟೆ? ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ, ನಿಜ. ಆದರೆ ಈ ಸುಳ್ಳು ಯಾವುದನ್ನು ಮುಚ್ಚಿಡಲು ಎಂದು ತಿಳಿಯದೆ ನಾನು ಆ ಹೊಸಿಲು ದಾಟುವವಳಲ್ಲ.

ಹುಡುಗನಿಗೆ ಫೋನು ಮಾಡಿದೆ. ಅವರಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ವಿಡಿಯೋ ಕಳಿಸುತ್ತಿದ್ದರೇ ಅಂತ ನನಗೆ ನಾನೇ ಹೇಳಿಕೊಂಡೆ, ಆದರೂ ಅವರ ದನಿಯಲ್ಲಿ ಏನಾದರೂ ಕದಲುತ್ತದೆಯೇ ಎಂದು ಕಿವಿಗೊಟ್ಟು ಕೇಳಿದೆ.

ಮಾರನೆಯ ದಿನ ಶಾಲೆಗೆ ರಜೆ ಹಾಕಿ, ಪಾಂಡವಪುರದಲ್ಲಿ ಬಸ್ಸು ಬದಲಿಸಿ, ಅತ್ತೆಯೊಂದಿಗೆ ನಾಗಮಂಗಲಕ್ಕೆ ಹೋದೆ. ಹುಡುಗನ ತಾಯಿ ಒಬ್ಬರೇ ಇದ್ದರು. ನಮ್ಮನ್ನು ಕಂಡವರೇ ಸೆರಗು ಸರಿಮಾಡಿಕೊಂಡರು, ಮತ್ತೆ ಮತ್ತೆ ಸರಿಮಾಡಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಅತ್ತೆ ಪೀಠಿಕೆ ಹಾಕಲಿಲ್ಲ. "ನಮ್ಮನೆ ಸೊಸೆ ನಿಮಗೆ ಏನಾಗ್ಬೇಕು? ತಂಗಿ ಜಾಗದಲ್ಲಿ ಧಾರೆ ಎರೆಸಿದ್ದೀರ."

ಅವರು ಬಾಗಿಲ ಚೌಕಟ್ಟಿಗೆ ಒರಗಿದರು. "ಒಡಹುಟ್ಟಿದೋಳಲ್ಲ ಅಕ್ಕ. ಪಾಂಡವಪುರದ ಆಸ್ಟಲ್‌ನಲ್ಲಿ ಒಂದೇ ತಟ್ಟೇಲಿ ಉಂಡೋರು ನಾವು. ನಂಗೆ ತಂಗಿ ಇಲ್ಲ ಅಂತ ಆ ಜಾಗದಲ್ಲಿ ಅವಳನ್ನ ನಿಲ್ಲಿಸ್ದೆ."

ಅತ್ತೆಯ ಮುಖ ಸಡಿಲವಾಯಿತು. ರಕ್ತವಿಲ್ಲ, ವರಸೆ ಕೆಡುವುದಿಲ್ಲ. ನನಗೆ ಸಮಾಧಾನವಾಗಲಿಲ್ಲ.

"ಮತ್ತೆ ಪಟ ನೋಡಿ ಯಾರು ಅಂತ ಯಾಕೆ ಕೇಳಿದ್ರಿ?"

"ಅವಳು ಹೋಗ್ಬುಟ್ಟವ್ಳೆ ಅಂತ ನಂಗೆ ಗೊತ್ತಾಗಿದ್ದೇ ಆವತ್ತು ಕಣವ್ವ. ಕಿರಂಗೂರು ಅಂದಾಗ್ಲೇ ಅವಳು ನೆಪ್ಪಾದ್ಲು. ಅವಳ ಮನೆ ಆಗಿರಾಕಿಲ್ಲ ಬುಡು ಅಂದ್ಕಂಡು ಬಂದೆ. ಗೋಡೆ ಮ್ಯಾಲೆ ನೋಡ್ದೆ." ಅವರು ನನ್ನ ಮುಖ ನೋಡುತ್ತಿರಲಿಲ್ಲ. "ಅವಳು ಕಣ್ಮುಂದೆ ಇಲ್ದೆ ಇರೋವಾಗ ಯಾವ ಬಾಯಲ್ಲಿ ನಂಗೊತ್ತು ಅನ್ಲಿ? ಆ ಮದುವೆ ದಿನ ನಿಮ್ಮವ್ವ ಫೋನಿನಲ್ಲಿ ನಿನ್ನ ಪಟ ತೋರಿಸಿ, ನಿನ್ ಮಗನಿಗೆ ನನ್ ಮಗಳ್ನ ಕೊಡ್ತೀನಿ ಕಣೆ ಅಂದ್ಲು. ನಾನು ನಗಾಡ್ಬುಟ್ಟೆ. ನಿನ್ ಮಗಳು ನಿನ್ನಂಗೇ ಕರಿ, ನನ್ ಮಗನಿಗೆ ಬೆಳ್ಳಗಿರೋಳ್ನ ತತ್ತೀನಿ ಅಂದೆ. ನಾಲ್ಕು ಜನದ ಮುಂದೆ ಅಂದೆ. ಈಗ ನನ್ ಮಗನೇ ನಿನ್ನ ಒಪ್ಕಂಡು ಬಂದವ್ನೆ."

"ಅಮ್ಮ ಏನಂದ್ಲು?"

"ಊಟಕ್ಕೆ ಕೂರ್ದೆ ಹೊಂಟೋದ್ಲು. ಆಮೇಲೆ ನನ್ ಫೋನೂ ಎತ್ನಿಲ್ಲ."

ನನಗೆ ಆ ದಿನ ನೆನಪಾಯಿತು. ಮದುವೆಯಿಂದ ಬಂದ ಅಮ್ಮ ರೇಷ್ಮೆ ಸೀರೆ ಕೂಡ ಬಿಚ್ಚದೆ ಒಲೆ ಮುಂದೆ ಕೂತು ಬೆಳಗಿನ ತಣ್ಣನೆ ಮುದ್ದೆ ಉಂಡಿದ್ದಳು. ಛತ್ರದ ಊಟ ಸಾಲಲಿಲ್ವಾ ಅಂತ ಛೇಡಿಸಿದ್ದೆ. "ಶಾನೆ ನೂಕುನುಗ್ಗಲು ಕಣವ್ವ" ಎಂದಿದ್ದಳು. ಸಂಜೆ ಸುಮ್ಮಸುಮ್ಮನೆ ನನ್ನನ್ನು ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದ್ದಳು.

ನನಗೆ ಕೋಪ ಬಂತು, ಬರಬಾರದಷ್ಟು ಬಂತು. ಹುಡುಗನ ತಾಯಿ ಎಲೆ ಹಾಕಲು ಹೋದರು. ನಮ್ಮ ಕಡೆ ಮಾತು ಗಟ್ಟಿಯಾಗುವವರೆಗೂ ಬೀಗರ ಮನೆಯಲ್ಲಿ ಅನ್ನ ಮುಟ್ಟುವುದಿಲ್ಲ. ಉಂಡರೆ ಒಪ್ಪಿದ ಹಾಗೆ. ಅತ್ತೆ ನನ್ನ ಮುಖ ನೋಡಿದರು. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ.

"ನನಗೆ ಹೇಳಿದ್ದನ್ನ ನಮ್ಮನೆಗೆ ಬಂದು ನಮ್ಮಮ್ಮನಿಗೆ ಹೇಳಿ. ಆಮೇಲೆ ಊಟದ ಮಾತು" ಎಂದೆ. ಅತ್ತೆಯನ್ನು ಕರೆದುಕೊಂಡು ಬಸ್ಸು ಹತ್ತಿದೆ. ಆ ಹೆಂಗಸು ಬರುವುದಿಲ್ಲ, ನನ್ನ ಮದುವೆ ಮುರಿಯಿತು ಅಂತಲೇ ನಾನು ಅಂದುಕೊಂಡೆ.

ಶುಕ್ರವಾರ ಅವರು ಬಂದರು. ಜೊತೆಗೆ ಮಗನಿರಲಿಲ್ಲ, ಮದುವೆ ದಲ್ಲಾಳಿಯಿರಲಿಲ್ಲ. ನೆಟ್ಟಗೆ ಅಮ್ಮನ ಪಟದ ಮುಂದೆ ಹೋಗಿ ನೆಲದ ಮೇಲೆ ಕೂತರು. ನಾನು ಅಡಿಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ, ಅಳುವುದು ನಿಜವಾಗಿಯೋ ನಮಗೆ ತೋರಿಸಲೋ ಎಂದು. ಅವರು ಅಳಲಿಲ್ಲ. ಪಕ್ಕದ ಮನೆಯವಳನ್ನು ಕರೆಯುವಷ್ಟು ಸಲೀಸಾಗಿ ಕೇಳಿದರು:

"ಲೇ, ನಿನ್ ಮಗಳ್ನ ನನ್ ಮಗನಿಗೆ ಕೊಡ್ತೀಯೇನೇ?"

ಅತ್ತೆ ನನ್ನ ಕಡೆ ತಿರುಗಿದರು. ನಾನು ಬಾಗಿಲ ಸಂದಿ ಬಿಟ್ಟು ಒಳಗೆ ಹೋಗಿ, ಒಲೆ ಹೊತ್ತಿಸಿ, ನಾಲ್ಕು ಜನಕ್ಕೆ ಆಗುವಷ್ಟು ಮುದ್ದೆಗೆ ಎಸರಿಟ್ಟೆ.