ಸಂಪಾಜೆಯ ಎರಡು ಉಣುಗು

ನಿನ್ನೆ ನೆರೆಮನೆಯವರು ನಾಯಿಯ ಕಿವಿಯಿಂದ ಕಿತ್ತ ಉಣುಗೊಂದನ್ನು ಬೆಂಕಿಪೆಟ್ಟಿಗೆಯಲ್ಲಿ ತಂದು, “ಇದು ಯಾವ ಜಾತಿ ಮಾರಾಯ್ರೆ?” ಎಂದರು. ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ. ತಿಳಿಯಲಿಲ್ಲ. ಒಂದು ಕಾಲದಲ್ಲಿ ಇದೇ ನನ್ನ ಉದ್ಯೋಗವಾಗಿತ್ತು ಎಂದರೆ ನೀವು ನಗುತ್ತೀರಿ.

ಅರುವತ್ತರ ದಶಕದ ಮಾತು. ಶಿವಮೊಗ್ಗೆಯ ಕಡೆ ಮಂಗಗಳು ಸತ್ತು, ಜನರಿಗೂ ಜ್ವರ ಹಬ್ಬಿದ ಮೇಲೆ ನಮ್ಮ ಕಾಡುಗಳಲ್ಲೂ ಉಣುಗು ಹುಡುಕುವ ಕೆಲಸ ಶುರುವಾಯಿತು. ಬಿಳಿ ಬಟ್ಟೆಯನ್ನು ತರಗೆಲೆಯ ಮೇಲೆ ಎಳೆಯುವುದು, ಅಂಟಿದ್ದನ್ನು ಹೆಕ್ಕಿ ಬಾಟ್ಲಿಗೆ ಹಾಕಿ ಊರಿನ ಹೆಸರು ಬರೆಯುವುದು. ಮದುವೆಯಾಗದ ಗಂಡಸಿಗೆ ಹೇಳಿಕೊಳ್ಳುವಂಥ ಉದ್ಯೋಗವಲ್ಲ. ಕೊಯಿಲದ ದನಗಳಲ್ಲಿ ಒಂದು ಜಾತಿ, ನಮ್ಮ ಸವಣೂರಿನ ನಾಯಿಗಳಲ್ಲಿ ಇನ್ನೊಂದು, ಸಂಪಾಜೆಯ ಕಾಡಿನಲ್ಲಿ ಮತ್ತೊಂದು. ಮರಿಗಳಂತೂ ನನಗೆ ಎಲ್ಲವೂ ಒಂದೇ. ಜ್ವರ ಹರಡುವುದು ಹೆಚ್ಚಾಗಿ ಕಾಡಿನ ಆ ಸಣ್ಣ ಮರಿಗಳೇ ಎಂದು, ನಾವು ಹೆಕ್ಕಿದ್ದನ್ನು ಪರೀಕ್ಷಿಸುವ ಸಾಹೇಬರು ಹೇಳಿದ್ದರು.

ಒಂದು ದಿನ ಅವರು ಸಂಪಾಜೆಯ ಬಾಟ್ಲಿ ಬಿಚ್ಚಿ ಹುಬ್ಬೇರಿಸಿದರು. ಒಳಗೆ ಹರಳುಬೀಜದಷ್ಟು ದಪ್ಪದ ದನದ ಉಣುಗುಗಳು! ನಾನು ಹಾಕಿದ್ದು ಎರಡೇ ಮರಿ; ಆ ಬಾಟ್ಲಿ ಒಂದು ರಾತ್ರಿ ನಮ್ಮ ಮನೆಯಲ್ಲಿತ್ತು. ತಲೆ ಕೆಟ್ಟು ಮನೆಗೆ ಬಂದು ಅಮ್ಮನನ್ನು ಕೇಳಿದೆ.

“ಅಷ್ಟು ದೂರ ನಡೆದು ನೀನು ಎರಡೇ ತಂದಿದ್ದೆ, ಪಾಪ ಕಂಡಿತು,” ಎಂದಳು ಅಮ್ಮ. “ನಮ್ಮ ಕೆಂಪಿಯ ಮೈಯಿಂದ ಒಳ್ಳೊಳ್ಳೆಯದು ಹೆಕ್ಕಿ ತುಂಬಿಸಿದೆ.”

“ಆ ಎರಡು ಎಲ್ಲಿ?”

“ಅದೆಂತದು, ಸಾಸಿವೆಯಷ್ಟೂ ಇಲ್ಲ. ಹಟ್ಟಿಯಲ್ಲಿ ದನದ ಕಾಲಡಿಗೆ ಹಾಸಿದ ಸೊಪ್ಪಿಗೆ ಕೊಡವಿದೆ.”

ದಿನಕ್ಕೆ ಹತ್ತು ಸಲ ಅವಳು ಬರಿಗಾಲಲ್ಲಿ ತುಳಿಯುವ ಸೊಪ್ಪು. ಸಾಹೇಬರಲ್ಲಿಗೆ ಓಡಿದೆ. ಅವುಗಳಲ್ಲಿ ರೋಗವಿತ್ತೇ ಎಂದು ಹೇಳಲು ಅವೇ ಬೇಕಲ್ಲ ಎಂದರು ಅವರು. ಸೊಪ್ಪನ್ನೆಲ್ಲ ಸುಟ್ಟುಬಿಡು, ಎರಡು ವಾರ ತಾಯಿಗೆ ಜ್ವರ ಬರುತ್ತದೋ ನೋಡಿಕೋ ಎಂದರು. ಸುಟ್ಟೆ. ಅಮ್ಮ ಗೊಬ್ಬರ ಹಾಳಾಯಿತೆಂದು ಬೈದಳು. ನಿಜ ಹೇಳುವ ಧೈರ್ಯ ನನಗಿರಲಿಲ್ಲ. ದಿನಾ ಬೆಳಿಗ್ಗೆ ಏನೋ ನೆಪ ಮಾಡಿ ಅವಳ ಹಣೆ ಮುಟ್ಟುತ್ತಿದ್ದೆ. ಜ್ವರದ ಬಿಸಿಯೋ, ಒಲೆಯ ಮುಂದೆ ಕೂತದ್ದಕ್ಕೋ, ನನ್ನ ಕೈಯೇ ತಣ್ಣಗಿತ್ತೋ, ಒಂದೂ ತಿಳಿಯುತ್ತಿರಲಿಲ್ಲ.

“ಇಷ್ಟು ವರ್ಷ ಇಲ್ಲದ ಪ್ರೀತಿ ಈಗ ಎಂತ ಮಗಾ?” ಎಂದು ನಗುತ್ತಿದ್ದಳು.

ಎರಡು ವಾರ ಕಳೆಯಿತು. ಜ್ವರ ಬರಲಿಲ್ಲ. ಮರುದಿನ ನಾನು ನಿಶ್ಚಿಂತೆಯಿಂದ ಕಾಫಿ ಕುಡಿದು, ಚೀಲ ಹೆಗಲಿಗೇರಿಸಿ ಹೊರಟೆ. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತಳು.

“ಇವತ್ತು ನೋಡುದಿಲ್ವಾ?”

ಹಣೆಯ ಮೇಲೆ ಕೈ ಇಟ್ಟೆ. ಆ ಎರಡು ವಾರ ನಾನು ಮುಟ್ಟಿದ್ದು ಹೆದರಿಕೆಯಿಂದ ಎಂದು ಅವಳಿಗೆ ಕೊನೆಯವರೆಗೂ ಹೇಳಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.