ಐಸೋ ಕರಗುವ ತನಕ

ಎಂಬತ್ತರ ದಶಕ. ಪೀಣ್ಯದ ನಮ್ಮ ರಾಳದ ಕಾರ್ಖಾನೆಯಲ್ಲಿ ಮಧ್ಯಾಹ್ನವೆಂದರೆ ನಿದ್ದೆಗೂ ಎಚ್ಚರಕ್ಕೂ ನಡುವಿನ ಯಾವುದೋ ಹೊತ್ತು. ಕೆಟಲ್ ಎಂದು ಕರೆಯುತ್ತಿದ್ದ ದೊಡ್ಡ ಹಂಡೆಯಲ್ಲಿ ಐಸೋಥಾಲಿಕ್ ಆಮ್ಲ ಗ್ಲೈಕಾಲ್ ಜೊತೆ ಗಂಟೆಗಟ್ಟಲೆ ಬೇಯುತ್ತಿತ್ತು. ರಂಗೋಲಿ ಪುಡಿಯಂಥ ಆ ಬಿಳಿ ಆಮ್ಲ ನಮ್ಮ ಬಾಯಲ್ಲಿ ಬರೀ ಐಸೋ. ಮಹಾ ಹಟಮಾರಿ, ಬೇಗ ಕರಗುವುದೇ ಇಲ್ಲ. ಅದು ಪೂರ್ತಿ ಕರಗುವ ಮೊದಲು ಮುಂದಿನ ಸಾಮಾನು ಸುರಿದರೆ ರಾಳ ಮಬ್ಬಾಗಿಯೇ ಉಳಿದು ಇಡೀ ಬ್ಯಾಚ್ ಹಾಳು.

ಕರಗಿತೆಂದು ಹೇಳಬೇಕಾದವರು ಮಾಕಳಿಯಿಂದ ಸೈಕಲ್‌ನಲ್ಲಿ ಬರುತ್ತಿದ್ದ ಕೆಟಲ್ ಅಣ್ಣ. ಹೊಲ ಕಾರ್ಖಾನೆಗಳ ಪಾಲಾದ ಮೇಲೆ ಈ ಕೆಲಸಕ್ಕೆ ಸೇರಿದವರು. ಒಂದು ತೊಟ್ಟು ರಾಳವನ್ನು ಗಾಜಿನ ಚೂರಿನ ಮೇಲೆ ಬಿಟ್ಟು, ಅದನ್ನು ದಿನವೂ ಅದೇ ಹಳೆಯ ನ್ಯೂಸ್ ಪೇಪರ್ ತುಂಡಿನ ಮೇಲಿಟ್ಟು, ತೊಟ್ಟಿನ ಮೂಲಕ ಅಕ್ಷರ ಓದುತ್ತಿದ್ದರು. ಅಕ್ಷರ ಸ್ಪಷ್ಟವಾಗಿ ಕಂಡರೆ ಬೆಂದಂತೆ. ಜೇನುಬಣ್ಣದ ಆ ತೊಟ್ಟಿನಲ್ಲಿ ಅಕ್ಷರಗಳು ತೇಲುವುದನ್ನು ನೋಡುತ್ತ, ಲ್ಯಾಬಿನ ಕೆಮಿಸ್ಟ್ ಆಗಿದ್ದ ನಾನು ಮೈಮರೆಯುತ್ತಿದ್ದೆ.

ಒಂದು ದಿನ ಅವರು ವಾಲ್ವ್ ತಿರುಗಿಸಲು ಹೋದಾಗ ಅವರ ಹಳೆಯ ತುಂಡಿನ ಮೇಲೆ ರಾಳ ಚೆಲ್ಲಿತು. ಅದರ ಜಾಗದಲ್ಲಿ ನಾನು ಅಂದಿನ ಪೇಪರ್ ಹರಿದು ಇಟ್ಟೆ. ಅವರು ಬಂದು ಬಗ್ಗಿ, "ರೇಷ್ಮೆ ಸೀರೆ, ಭಾರಿ ರಿಯಾಯಿತಿ... ಬೆಂದೈತೆ ಮೇಡಂ" ಎಂದರು. ಅದು ಹಳೆಯ ತುಂಡಿನ ಜಾಹೀರಾತು. ನಾನಿಟ್ಟಿದ್ದು ಕ್ರಿಕೆಟ್ ಸುದ್ದಿ. ತೊಟ್ಟು ಇನ್ನೂ ಬೆಳ್ಳಗಿತ್ತು.

ಸಿಟ್ಟು ನೆತ್ತಿಗೇರಿತು. "ಕಣ್ಣೇ ಕಾಣಲ್ವಾ ಅಣ್ಣ ನಿಮಗೆ?"

"ಪೊರೆ ಬಂದೈತೆ ಮೇಡಂ, ನೀವು ಸೇರೋಕ್ ಮುಂಚಿಂದ್ಲೂ. ವಾಸ್ನೆ ಇಡ್ಕಂಡೇ ಬೇಯಿಸ್ತಿದ್ದೆ. ಇವತ್ತು ನೆಗಡಿ. ಆಪರೇಸನ್‌ಗೆ ರಜಾ ಆಕಿದ್ರೆ ನನ್ ಜಾಗಕ್ಕೆ ಬೇರೆಯೋರು ಬತ್ತಾರೆ. ಮ್ಯಾನೇಜರ್‌ಗೆ ಏಳ್ಬೇಡಿ" ಎಂದು ಕೈಮುಗಿದರು.

ಅವರು ಬೇಯಿಸಿದ ಬ್ಯಾಚುಗಳನ್ನೆಲ್ಲ ಪಾಸು ಮಾಡಿದ್ದವಳು ನಾನೇ. ಒಂದೂ ಕೆಟ್ಟಿರಲಿಲ್ಲ. ನನ್ನ ಸಿಟ್ಟಿನ ಬಗ್ಗೆ ನನಗೇ ನಾಚಿಕೆಯಾಯಿತು. ಮ್ಯಾನೇಜರ್ ಬಳಿ ಹೋಗಿ, ಅಣ್ಣ ಪೊರೆ ತೆಗೆಸಿಕೊಳ್ಳಬೇಕು, ಅವರು ಬರುವ ತನಕ ಕೆಟಲ್ ನಾನೇ ನೋಡಿಕೊಳ್ಳುತ್ತೇನೆ ಎಂದೆ. ಪೇಪರ್ ವಿಷಯ ಎತ್ತಲಿಲ್ಲ. ಮ್ಯಾನೇಜರ್ ಗೊಣಗುತ್ತ ಒಪ್ಪಿದರು.

ಎರಡು ತಿಂಗಳಾದ ಮೇಲೆ ಅಣ್ಣ ಸೋಡಾಬುಡ್ಡಿ ಕನ್ನಡಕ ಹಾಕಿಕೊಂಡು ಬಂದರು. ಕೆಟಲ್ ಕಡೆ ಹೋಗದೆ ನೇರ ನನ್ನ ಮುಂದೆ ನಿಂತು ದಿಟ್ಟಿಸಿದರು.

"ಅಯ್ಯೋ, ನನ್ ಕಿರೀ ಮಗಳಿಗಿಂತ ಚಿಕ್ಕೋಳಲ್ವೇನವ್ವಾ ನೀನು! ಇಷ್ಟು ದಿನ ನಿಂಗಾ ನಾನು ಎದ್ರುಕೊಂಡಿದ್ದು?"