ಒಳಗಿನ ಅಗಳಿ

ಮಾಸ್ತರರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಸಾಲೆಯ ಬಾಗಿಲನ್ನು ಅಷ್ಟು ಜೋರಾಗಿ ಬಡಿದು ಹಾಕುತ್ತಿದ್ದವರು ಒಮ್ಮೆ ತಮ್ಮ ಬೆರಳನ್ನೇ ಸಿಕ್ಕಿಸಿಕೊಂಡಿದ್ದರು. ಆ ಬೆರಳು ನಮ್ಮ ಕಡೆ ತಿರುಗಿದರೆ ಸಾಕು, ಉತ್ತರ ಗೊತ್ತಿದ್ದವನೂ ತಪ್ಪು ಹೇಳುತ್ತಿದ್ದ.

ಆಗ ಕುಷ್ಟಗಿ ನಿಜಾಮರ ಸೀಮೆ. ಸಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ, ಇಂಗ್ಲಿಷಿಗೆ ಮಾತ್ರ ಇವರು. ಅವರು ಕಲಿಸಿದ ಮೊದಲ ಕ್ರಿಯಾಪದ ‘ಶಟ್’. ನಾವು ಬಾಗಿಲು ಹಾಕುತ್ತೇವೆ, ಪುಸ್ತಕ ಮಡಚುತ್ತೇವೆ, ಕಣ್ಣು ಮುಚ್ಚುತ್ತೇವೆ. ಅವರಿಗೆ ಎಲ್ಲಕ್ಕೂ ಒಂದೇ ಶಟ್. ಬಾಯಿಪಾಠ ಅವರಿಗೆ ಆಗದು. ಹೇಳಿದ್ದನ್ನು ಮಾಡಿ ತೋರಿಸಬೇಕು. ಮೇಜಿನ ಮೇಲಿದ್ದ ಕಿನ್ನಾಳದ ಬಣ್ಣದ ಪೆಟ್ಟಿಗೆಯನ್ನು ಒಬ್ಬ ಮುಚ್ಚಬೇಕು, ಮಾಸ್ತರರ ಛತ್ರಿಯನ್ನು ಇನ್ನೊಬ್ಬ ಮಡಚಬೇಕು, ಬಾಯಿಂದ ಇಂಗ್ಲಿಷು ಬರುತ್ತಿರಬೇಕು. ಬರದಿದ್ದರೆ ಕಿವಿ ಅವರ ಕೈಯಲ್ಲಿ.

ಒಂದು ದಿನ ತಡವಾಗಿ ಹೋದ ನನ್ನನ್ನು ಕತ್ತು ಹಿಡಿದು ಹೊರಗೆ ದಬ್ಬಿ ಬಾಗಿಲು ಹಾಕಿದರು. ಒಳಗಿನಿಂದ ಕೇಳಿದರು:

“ಈಗ ನೀ ಏನಾದಿಲೇ?”

“ಹೊರಗ ಉಳಿದೆನ್ರಿ.”

“ಅದನ್ನ ನಿಮ್ಮವ್ವಗ ಹೇಳು. ನನಗ ಇಂಗ್ಲೀಷಿನ್ಯಾಗ ಹೇಳು.”

“ಐ ಆಮ್ ಶಟ್ ಔಟ್, ಸರ್.”

ಒಳಗೆ ಎಲ್ಲರೂ ನಕ್ಕರು. ಬಾಗಿಲು ತೆರೆಯಲಿಲ್ಲ. ಅಂದಿನಿಂದ ಆ ಮನುಷ್ಯನನ್ನು ಕಂಡರೆ ನನಗೆ ಮೈಯುರಿ.

ಅವರ ಮನೆ ನಮ್ಮ ಓಣಿಯಲ್ಲೇ ಇತ್ತು. ಮರುವರ್ಷ ಅವರ ಹೆಂಡತಿ ತೀರಿಕೊಂಡರು. ಅಯ್ಯನವರು ಪಂಚಾಂಗ ನೋಡಿ ನಕ್ಷತ್ರ ಕೆಟ್ಟದ್ದು ಎಂದರು. ಅಂಥ ನಕ್ಷತ್ರದಲ್ಲಿ ಸಾವಾದರೆ ಮನೆಯವರು ಆರು ತಿಂಗಳು ಮನೆ ಬಿಡಬೇಕು, ಬಾಗಿಲಿಗೆ ಜಾಲಿಮುಳ್ಳು ಬಡಿಯಬೇಕು. ಇಲ್ಲದಿದ್ದರೆ ಓಣಿಯಲ್ಲಿ ಇನ್ನೊಂದು ಹೆಣ ಬೀಳುತ್ತದೆ ಎಂಬುದು ಎಲ್ಲರ ಹೆದರಿಕೆ. ಮುಳ್ಳಿನ ಕೊಂಬೆ ಹಿಡಿದು ಹೋದವರ ಮುಂದೆ ನಮ್ಮಪ್ಪನೇ ಇದ್ದ.

“ಮಾಸ್ತರ್ರ, ಓಣಿ ಮಂದಿ ಮಾರಿ ನೋಡ್ರಿ. ಆರು ತಿಂಗಳ ಮಟ್ಟಿಗಿ ಮನಿ ಬಿಡ್ರಿ.”

“ಮನಿ ಬಾಗಲಾ ಒಳಗಿದ್ದೋರು ಹಾಕ್ಕೋತಾರ, ಗೌಡ್ರ. ಹೊರಗಿನೋರು ಬಂದು ಹಾಕೂದು ಜೇಲಿನ ಬಾಗಲಾ. ನಿಮಗ ಸರಕಾರ ಜೇಲಿನ ನೌಕರಿ ಯಾವಾಗ ಕೊಡ್ತು?”

“ನಿಮ್ಮ ಸೊಕ್ಕಿಗಿ ನಮ್ಮ ಮಕ್ಕಳು ಸಾಯಬೇಕೇನ್ರಿ?”

“ನಿಮ್ಮ ಮಗನ ಇಂಗ್ಲೀಷ ಕೇಳಿ ನಾನ ಮೊದಲ ಸಾಯ್ತೀನಿ. ನಡೀರಿ, ನಡೀರಿ.”

ಆ ಮನೆಯಲ್ಲಿ ಉಳಿದಿದ್ದವರು ಅವರು ಮತ್ತು ಕಣ್ಣು ಹೋದ ಅವರ ತಾಯಿ. ಮುದುಕಿ ಗೋಡೆ ಸವರುತ್ತಾ ಒಲೆಗೆ ಹೋಗುತ್ತಿದ್ದಳು, ಕಂಬ ಮುಟ್ಟಿ ಹಿತ್ತಲಿಗೆ ತಿರುಗುತ್ತಿದ್ದಳು. ಬೇರೆ ಮನೆಗೆ ಒಯ್ದರೆ ಕೂತಲ್ಲೇ ಕೂಡಬೇಕಿತ್ತು. ಮಾಸ್ತರರು ಇದನ್ನು ಹೇಳಿ ಕೈ ಮುಗಿದಿದ್ದರೆ ಓಣಿ ಕರಗುತ್ತಿತ್ತೋ ಏನೋ. ಅವರು ಕೈ ಮುಗಿಯಲಿಲ್ಲ, ಬೈದರು.

ಓಣಿ ಅವರನ್ನು ಬಿಟ್ಟಿತು. ಅವರು ಬಾವಿಗೆ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಕ್ಷೌರಕ್ಕೆ ಯಾರೂ ಸಿಗದೆ ಗಡ್ಡ ಬೆಳೆಯಿತು. ಒಂದು ಸಂಜೆ ಬಾವಿಯ ಹತ್ತಿರ ನಾನೊಬ್ಬನೇ ಇದ್ದೆ. ಹಗ್ಗ ಬಿಡುತ್ತಾ, ನನ್ನ ಕಡೆ ನೋಡದೆ ಕೇಳಿದರು:

“ಈಗ ನಾ ಏನಾದೆ?”

ನಾನು ಕಾಯುತ್ತಿದ್ದವನ ಹಾಗೆ ಹೇಳಿದೆ, “ಯು ಆರ್ ಶಟ್ ಔಟ್, ಸರ್.”

“ವಾಕ್ಯ ಛಲೋ ಐತಿ. ನೀನ ಛಲೋ ಇಲ್ಲ,” ಎಂದು ಕೊಡ ಹೆಗಲಿಗೇರಿಸಿ ಹೋದರು.

ಆರು ತಿಂಗಳು ಕಳೆಯಿತು. ಓಣಿಯಲ್ಲಿ ಯಾರೂ ಸಾಯಲಿಲ್ಲ. ಅದಕ್ಕಾಗಿ ಅವರನ್ನು ಯಾರೂ ಕ್ಷಮಿಸಲೂ ಇಲ್ಲ. ನಮ್ಮಪ್ಪ ಮಾಡಿದ್ದಕ್ಕೆ ಮಾಸ್ತರರು ನನ್ನನ್ನು ಒಮ್ಮೆಯೂ ಹೊರಗೆ ಹಾಕಲಿಲ್ಲ. ತಡವಾಗಿ ಹೋದಾಗ ಮಾತ್ರ ಹಾಕಿದರು. ಪರೀಕ್ಷೆಯ ಹಿಂದಿನ ತಿಂಗಳು ದಿನಾ ಮನೆಗೆ ಕರೆದು ಕೂರಿಸಿಕೊಂಡರು. ತಪ್ಪಿದರೆ ಕಿವಿ ಹಿಂಡುತ್ತಿದ್ದರು, ಮುದುಕಿ ಒಳಗಿನಿಂದ “ಬಿಡೊ ಮಾರಾಯಾ, ಹರದೀತು” ಎನ್ನುತ್ತಿದ್ದಳು. ಪಾಸಾದೆ ಎಂದು ಹೇಳಲು ಹೋದಾಗ ಅವರ ಬಾಯಿಂದ ಬಂದದ್ದು ಇಷ್ಟೇ: “ಕಾಗದ ತಿದ್ದಿದಂವಗ ಕಣ್ಣಿಲ್ಲ.” ಇವತ್ತು ನಾನು ಅದೇ ಸಾಲೆಯಲ್ಲಿ ಇಂಗ್ಲಿಷು ಕಲಿಸಿ ಉಣ್ಣುತ್ತಿದ್ದೇನೆ.

ನಿಜಾಮರ ಆಳ್ವಿಕೆ ಹೋದ ಮರುವರ್ಷದ ಚಳಿಗಾಲದಲ್ಲಿ, ತಾಯಿಗಿಂತ ಮೊದಲು, ಮಾಸ್ತರರು ಹೋದರು. ಮಣ್ಣು ಮಾಡಿ ಬರುವಷ್ಟರಲ್ಲಿ ಅಯ್ಯನವರು ಮತ್ತೆ ಪಂಚಾಂಗ ತೆರೆದಿದ್ದರು. ನಕ್ಷತ್ರ ಈ ಸಲವೂ ಕೆಟ್ಟದ್ದೇ. ಅಪ್ಪನ ಕೂದಲು ಬೆಳ್ಳಗಾಗಿತ್ತು, ಕೈಯಲ್ಲಿ ಮಾತ್ರ ಮತ್ತೆ ಅದೇ ಜಾಲಿಮುಳ್ಳು.

“ಇನ್ನ ಬೈಯಾಕ ಅಂವ ಇಲ್ಲ,” ಎಂದ ಅಪ್ಪ. “ಮುದುಕೀನ ಎತ್ತಿ ಗುಡಿ ಕಟ್ಟೀಗಿ ಕುಂದರಸ್ರಿ.”

ನಾನು ಓಣಿಯವರ ನಡುವಿನಿಂದ ಹಾದು ಮಾಸ್ತರರ ಮನೆಯ ಹೊಸ್ತಿಲು ದಾಟಿದೆ. ಒಳಗೆ ಹೋಗಿ ಎರಡೂ ಕದ ಎಳೆದು ಅಗಳಿ ಹಾಕಿದೆ. ಅಪ್ಪ ಹೊರಗಿನಿಂದ ಗುದ್ದಿದ: “ತಗೀಲೇ! ಮನಿತನಾ ಹಾಳ ಮಾಡಾಕ ಹುಟ್ಟಿಯೇನು?” ತೆರೆಯಲಿಲ್ಲ.

ಅಪ್ಪ ಈಗಲೂ ನನ್ನ ಜೊತೆ ಮಾತಾಡುವುದಿಲ್ಲ. ನಾನೂ ಆ ಮನೆ ಬಿಟ್ಟಿಲ್ಲ. ರಾತ್ರಿ ಕದ ಎಳೆಯುವಾಗ ಮುದುಕಿ ಗೋಡೆ ಸವರುತ್ತಾ ಬಂದು ನಿಲ್ಲುತ್ತಾಳೆ.

“ಬಾಗಲಾ ಯಾರ ಹಾಕಿದ್ರಪಾ?”

“ನಾನಬೆ. ಒಳಗಿಂದ ಹಾಕೀನಿ.”

ಅಗಳಿಯನ್ನು ಒಮ್ಮೆ ಮುಟ್ಟಿ ನೋಡುತ್ತಾಳೆ. ಆಮೇಲೆ ಕಂಬ ಹಿಡಿದು ತಿರುಗಿ, ತನ್ನ ಜಾಗಕ್ಕೆ ತಾನೇ ಹೋಗುತ್ತಾಳೆ.